ಹೋಟೆಲಿನಲ್ಲಿ ಅಪ್ಪನಿಗೊಂದು ಎಲೆ

ಹೋದ ವರ್ಷ ದೀಪಾವಳಿಯ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಹೊರಟಾಗ ಕಾರಿನಲ್ಲಿ ಇದ್ದವರು ಅವ್ವ, ಕಾರು ಓಡಿಸುತ್ತಿದ್ದ ತಮ್ಮ ರಮೇಶ, ಅವನ ಹೆಂಡತಿ ಸವಿತ ಮತ್ತು ನಾನು. ಅಪ್ಪ ಆ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವಂತಿಲ್ಲ, ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ. ಅಕ್ಕಪಕ್ಕದ ಮನೆಗಳಿಂದ ಕರಿಯುವ ವಾಸನೆ ಬರುತ್ತದೆಂದು ಅವ್ವ ಹಿಂದಿನ ದಿನವೇ ಕಿಟಕಿ ಮುಚ್ಚಿಕೊಂಡು ಕೂತಿದ್ದಳು. ಅದನ್ನು ನೋಡಲಾರದೆ ರಮೇಶ, ಕಳಸದ ಕಡೆ ಸುತ್ತಾಡಿ ಬರೋಣ, ಹಬ್ಬದ ಊಟ ಹೋಟೆಲಿನಲ್ಲೇ ಆಗಲಿ ಎಂದಿದ್ದ.

ದೀಪಾವಳಿಗೆ ತೀರಿಹೋದ ಹಿರಿಯರಿಗೆ ಮೊದಲ ಎಲೆ ಬಡಿಸಿ, ಆಮೇಲೆ ನಾವು ಉಣ್ಣುವುದು ನಮ್ಮಲ್ಲಿ ನಡೆದುಬಂದದ್ದು. ವರ್ಷ ತುಂಬದ ಅಪ್ಪನಿಗೆ ಆ ಎಲೆ ಹಾಕುವಂತಿಲ್ಲವೆಂದು ದಾಯಾದಿಗಳು ಹೇಳಿ ಹೋಗಿದ್ದರು.

"ಮನೇಲಿ ತಾನೆ ಬೇಡ ಅಂದಿದ್ದು? ಹೋಟ್ಲಲ್ಲಿ ನಿಮ್ಮಪ್ಪಂಗೆ ಒಂದು ಎಲೆ ಹಾಕ್ಸಿದ್ರೆ ಅವ್ರೇನು ಬಂದು ನೋಡ್ತಾರಾ?" ಅಂದಳು ಅವ್ವ. ಆ ಎಲೆ ಹಾಕುವ ತನಕ ಕಾಫಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲವೆಂದೂ ಹೇಳಿದಳು.

ಮೂಡಿಗೆರೆಗೆ ಮೂವತ್ತು ಕಿಲೋಮೀಟರ್. ಅಲ್ಲಿ ಬಾಳೆಲೆ ಊಟ ಹಾಕುತ್ತಿದ್ದ ಹೋಟೆಲಿಗೆ ಬೀಗ ಬಿದ್ದಿತ್ತು. ಅಡುಗೆಯವರೆಲ್ಲ ಹಬ್ಬಕ್ಕೆ ಊರಿಗೆ ಹೋದರಂತೆ. ಹೋಟೆಲಿನವರಿಗೂ ಹಬ್ಬವಿರುತ್ತದೆ ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಮ್ಮ ಮನೆಗೆ ಇಲ್ಲದ ಹಬ್ಬ ಊರಿಗೇ ಇಲ್ಲವೆಂದುಕೊಂಡಿದ್ದೆವೋ ಏನೋ.

ಬಣಕಲ್‌ನಲ್ಲಿ ಮುಸ್ಲಿಮರ ಹೋಟೆಲೊಂದು ತೆರೆದಿತ್ತು. ಮಾಲೀಕರು ಅವ್ವನಿಗೆ ಕುರ್ಚಿ ಎಳೆದು ಕೊಟ್ಟು ಎಲ್ಲ ಕೇಳಿಸಿಕೊಂಡರು. ಬಿರಿಯಾನಿ ಬಿಟ್ಟು ಬೇರೇನೂ ಮಾಡಿಲ್ಲ, ಕಡುಬು ಬೀಳಬೇಕಾದ ಎಲೆಗೆ ಅದನ್ನು ಬಡಿಸಲು ತಮಗೇ ಮನಸ್ಸು ಬರುವುದಿಲ್ಲ ಎಂದರು. ಕಾಫಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬಾಳೂರು ದಾಟಿದ ಮೇಲೆ ಅವ್ವ ತಾನೇ ಒಂದು ಗೇಟಿನ ಮುಂದೆ ಕಾರು ನಿಲ್ಲಿಸಲು ಹೇಳಿದಳು. ಅಪ್ಪ ಹರೆಯದಲ್ಲಿ ಮೇಸ್ತ್ರಿಯಾಗಿದ್ದ ಎಸ್ಟೇಟು ಅದು. ಈಗ ಬಂಗಲೆ ರೆಸಾರ್ಟ್ ಆಗಿದೆ. ಒಳಗೆ ಪ್ರವಾಸಿಗರ ಗದ್ದಲ, ಒಗ್ಗರಣೆಯ ಘಮ. ಎಷ್ಟು ಜನವೆಂದು ಮ್ಯಾನೇಜರ್ ಕೇಳಿದರೆ ಅವ್ವ, "ಐದು" ಅಂದಳು.

ಆತ ನಮ್ಮನ್ನೆಲ್ಲ ನೋಡಿ, "ಇನ್ನೊಬ್ರು ಕಾರಲ್ಲಿದ್ದಾರಾ ಅಮ್ಮ?" ಎಂದ.

ಸವಿತ ಅವನನ್ನು ಪಕ್ಕಕ್ಕೆ ಕರೆದು ಐದನೆಯ ಎಲೆ ಯಾರಿಗೆಂದು ಮೆಲ್ಲಗೆ ಹೇಳಿದಳು. ಆತ ಕೆಟ್ಟ ಮನುಷ್ಯನಲ್ಲ. ರಜೆಗೆಂದು ಬಂದವರ ನಡುವೆ ಸತ್ತವರ ಎಲೆ ಹಾಕಿದರೆ ಚೆನ್ನಾಗಿರುವುದಿಲ್ಲ, ಹಿಂದೆ ಶೆಡ್ಡಿನ ಹತ್ತಿರ ಬೇಕಾದರೆ ಹಾಕಿಕೊಡುತ್ತೇನೆ ಎಂದ.

"ಬದುಕಿದ್ದಾಗ್ಲೂ ಇಲ್ಲಿ ಅವ್ರಿಗೆ ಶೆಡ್ಡಿನ ಹತ್ರಾನೇ ಬಡಿಸ್ತಿದ್ದಿದ್ದು," ಅಂದಳು ಅವ್ವ. "ನಡೀರಿ."

ಕಳಸ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ತೆರೆದಿದ್ದ ಒಂದೆರಡು ಹೋಟೆಲುಗಳಲ್ಲೂ ಊಟ ಮುಗಿದಿತ್ತು. ಬಂದವರಿಗೆಲ್ಲ ಎಲೆ ಹಾಕುವ ಜಾಗ ಒಂದೇ, ದೇವಸ್ಥಾನ. ಅದರ ಮೆಟ್ಟಿಲು ನಾವು ಹತ್ತುವಂತಿರಲಿಲ್ಲ. ಉಂಡವರು ಒದ್ದೆ ಕೈ ಒರೆಸಿಕೊಳ್ಳುತ್ತ ಇಳಿದು ಬರುವುದನ್ನು ಅವ್ವ ಕಾರಿನಲ್ಲೇ ಕೂತು ನೋಡಿದಳು. ನಾವು ಮೂವರು ಬೇಕರಿಯಲ್ಲಿ ಬನ್ನು ತಿಂದೆವು. ಅವ್ವನಿಗೆ ತಂದ ಬಾಳೆಹಣ್ಣು ಅವಳ ಮಡಿಲಲ್ಲೇ ಉಳಿಯಿತು.

"ಒಂಚೂರಾದ್ರೂ ತಿನ್ನವ್ವ," ಅಂದ ರಮೇಶ. "ಮುಂದಿನ ವರ್ಷ ಮನೇಲೇ ಕಡುಬು ಮಾಡಿ ಎಲೆ ಹಾಕಣ."

"ಆಯ್ತು ಮಾರಾಯ, ಮುಂದಿನ ವರ್ಷ," ಅಂದಳು. ಊರಿಗೆ ಮರಳುವ ದಾರಿಯುದ್ದಕ್ಕೂ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ದೀಪ ಹಚ್ಚುತ್ತಿದ್ದರು.

ಈ ಮಳೆಗಾಲದಲ್ಲಿ, ಅಪ್ಪನ ವರ್ಷದ ತಿಥಿ ಮುಗಿದ ಮರುತಿಂಗಳು, ಅವ್ವ ತೀರಿಕೊಂಡಳು. ದಾಯಾದಿಗಳು ಬಂದು, ಈ ದೀಪಾವಳಿಗೂ ನಿಮಗೆ ಹಬ್ಬವಿಲ್ಲ ಎಂದು ಹೇಳಿ ಹೋದರು.