ನರ್ಸಜ್ಜಿಯ ಮೂರು ಬೆಡ್ಡುಗಳು

"ಅಮ್ಮಾ, ನರ್ಸಜ್ಜಿಗೆ ಕೆಲಸ ಮುಗೀತು ಅಂತ ಯಾರೂ ಹೇಳೇ ಇಲ್ವಾ?"

ಶನಿವಾರ ಬೆಳಿಗ್ಗೆ ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ಓಡಿ ಬಂದ ನನ್ನ ಐದು ವರ್ಷದ ಮಗಳು ಕೇಳಿದಳು. ಹೇಳಿ ನಾಲ್ಕು ವರ್ಷವಾಯ್ತಲ್ಲ ಎಂದೆ.

"ಮತ್ತೆ ಮೀನಿಗೆ ಡ್ರಿಪ್ ಹಾಕಿದಾರೆ!"

ಹೋಗಿ ನೋಡಿದರೆ ನಿಜ. ಕುರ್ಚಿಯ ಮೇಲೆ ನೀರಿನ ಕ್ಯಾನು, ಅದರಿಂದ ಇಳಿಬಿಟ್ಟ ಆಸ್ಪತ್ರೆಯ ಡ್ರಿಪ್ ಪೈಪು, ಕೆಳಗೆ ಬಕೆಟ್ಟು, ಬಕೆಟ್ಟಿನಲ್ಲಿ ಮೂರು ಗೋಲ್ಡ್ ಫಿಶ್. ನರ್ಸಜ್ಜಿ ಪುಟ್ಟ ಸ್ಟೂಲಿನ ಮೇಲೆ ಕಾಲು ನೀಡಿ ಕೂತು, ಗಡಿಯಾರ ನೋಡುತ್ತಾ ಹನಿ ಎಣಿಸುತ್ತಿದ್ದರು.

"ತಡಿ, ಮಾತಾಡಿಸ್ಬೇಡ... ಹಾಂ, ನಿಮಿಷ ಆಯ್ತು. ಈಗ ಹೇಳು."

"ಅಜ್ಜಿ, ಇದೇನಿದು?"

"ಹಳೇ ನೀರಲ್ಲಿ ಬೆಳೆದವು ಕಣೇ ಇವು. ಹೊಸ ನೀರಿಗೆ ಒಂದೇ ಸಲ ದಬ್ಬಿದ್ರೆ ತಡ್ಕೊಳಲ್ಲ. ಮೊದಲು ಹನಿ, ಆಮೇಲೆ ಧಾರೆ, ಆಮೇಲೆ ಹೊಸ ಮನೆ."

ಮೂವತ್ತನಾಲ್ಕು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನನ್ನ ಮಗಳು ಇಟ್ಟ ನರ್ಸಜ್ಜಿ ಎಂಬ ಹೆಸರು ಈಗ ಇಡೀ ಕಟ್ಟಡದವರ ಬಾಯಿಗೆ ಅಂಟಿಕೊಂಡಿದೆ. ಮೀನುಗಳಿಗೆ ಮಾತ್ರ ಅವರು ಹೆಸರಿಟ್ಟಿಲ್ಲ. ಒಂದನೇ ಬೆಡ್, ಎರಡನೇ ಬೆಡ್, ಮೂರನೇ ಬೆಡ್. ಗೋಡೆಯ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಪುಸ್ತಕದಲ್ಲಿ ಯಾರು ಉಂಡರು, ಯಾರು ಮುನಿಸಿಕೊಂಡರು ಎಂದು ದಿನಾ ಬರೆಯುತ್ತಾರೆ. ಊಟದ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ, "ಈಗ ಯಾರನ್ನೂ ಒಳಗೆ ಬಿಡಲ್ಲ, ನಾಲ್ಕಕ್ಕೆ ಬನ್ನಿ" ಎಂದು ಒಳಗಿನಿಂದಲೇ ಗದರುತ್ತಾರೆ.

ಮೀನುಗಳ ಈ ಸ್ಥಳಾಂತರಕ್ಕೆ ಕಾರಣ ಅವರ ಮೊಣಕಾಲು. ಆಪರೇಷನ್ನಿನ ದಿನವನ್ನು ಎರಡು ಸಲ ಅವರೇ ಮುಂದೂಡಿದ್ದರು. ಹಳೆಯದು ಒಂದೂವರೆ ಅಡಿಯ ತೊಟ್ಟಿ; ಮೂರು ದಿನ ನೀರು ಬದಲಿಸದಿದ್ದರೆ ಕೆಟ್ಟಿತು. ಮೂರೂವರೆ ಅಡಿಯದಾದರೆ ಅಷ್ಟು ಬೇಗ ಕೆಡುವುದಿಲ್ಲ. ಆಪರೇಷನ್ನಿಗೆ ಇನ್ನು ಇಪ್ಪತ್ತು ದಿನ. ಅಷ್ಟರಲ್ಲಿ ಹೊಸ ತೊಟ್ಟಿ ನೆಲೆಯಾದರೆ ಅವರು ಆಸ್ಪತ್ರೆಗೆ ಸೇರುವುದು, ಇಲ್ಲವಾದರೆ ಮೂರನೇ ಸಲವೂ ಇಲ್ಲ.

"ಮೂವರನ್ನ ಒದ್ದಾಡೋಕೆ ಬಿಟ್ಟು ನಾನು ಹಾಸಿಗೇಲಿ ಮಲಗ್ಲಾ? ಡ್ಯೂಟಿ ಬಿಟ್ಟು ಓಡ್ಹೋದ ಹಾಗೆ ಆಗಲ್ವಾ?"

ಹನಿ ಬೀಳುತ್ತಿರುವಾಗ ನನಗೊಂದು ಕೆಲಸ ಹೇಳಿದರು. ಹಳೇ ತೊಟ್ಟಿಯ ಫಿಲ್ಟರಿನ ಸ್ಪಂಜನ್ನು ತೆಗೆದು ಹೊಸದಕ್ಕೆ ಹಾಕುವುದು. ತೆಗೆದೆ. ಕಂದು ಬಣ್ಣದ ಲೋಳೆ ಕೈಗೆಲ್ಲ ಮೆತ್ತಿಕೊಂಡಿತು. ಮಗಳ ಹೊಸ ಬಟ್ಟೆಯನ್ನೂ ಎರಡು ಸಲ ಒಗೆಯದೆ ತೊಡಿಸದವಳು ನಾನು. ಇದನ್ನು ಹಾಗೇ ಹಾಕಲು ಮನಸ್ಸು ಬರಲಿಲ್ಲ. ನಲ್ಲಿ ಜೋರಾಗಿ ಬಿಟ್ಟು, ಹಿಂಡಿ ಹಿಂಡಿ ತೊಳೆದು ತಂದು ತೋರಿಸಿದೆ.

"ಹೇಗಿದೆ ನೋಡಿ ಅಜ್ಜಿ, ಹೊಸದರ ಹಾಗೆ!"

ಅವರು ಎಣಿಸುವುದನ್ನು ನಿಲ್ಲಿಸಿದರು.

"ತೊಳೆದುಬಿಟ್ಯಾ?"

"ಹೂಂ, ಚೆನ್ನಾಗಿ."

"ಅಯ್ಯೋ ನನ್ನ ತಾಯೀ! ಇವುಗಳ ಗಲೀಜು ತಿಂದು ನೀರು ಕಾಪಾಡೋ ಸೂಕ್ಷ್ಮಜೀವಿಗಳು ಇರೋದೇ ಆ ಕೊಳೇಲಿ. ನಲ್ಲಿ ನೀರಿನ ಕ್ಲೋರಿನ್‌ಗೆ ಅವೆಲ್ಲ ಸತ್ತಿರ್ತವೆ."

ನನ್ನ ಮುಖ ಇಷ್ಟಾಯಿತು. ಅವರು ನನ್ನನ್ನೇ ಒಂದು ಕ್ಷಣ ನೋಡಿ ಗೊಳ್ಳೆಂದು ನಕ್ಕರು. "ಅಳ್ಬೇಡ. ಮೀನು ಸಾಕಿದ ಮೊದಲನೇ ವರ್ಷ ನಾನೇನು ಮಾಡಿದ್ದೆ ಗೊತ್ತಾ? ಸಿರಿಂಜ್ ಕುದಿಸಿದ ಹಾಗೆ ಸ್ಪಂಜ್ ಕುದಿಸಿದ್ದೆ. ಒಂದೇ ವಾರಕ್ಕೆ ವಾರ್ಡೇ ಖಾಲಿ. ಈಗ ಒಂದು ಡಬ್ಬಿ ಹಿಡ್ಕೊಂಡು ಹೊರಡು."

ಬೀದಿಯ ತುದಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಜಾಗದಲ್ಲೊಂದು ಮೀನಿನ ತೊಟ್ಟಿಯಿದೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ, "ಅಪಾಯಿಂಟ್‌ಮೆಂಟ್ ಇದೆಯಾ?" ಎಂದಳು.

"ಇಲ್ಲ. ನಿಮ್ಮ ಫಿಲ್ಟರಿನ ಕೊಳೆ ಸ್ವಲ್ಪ ಬೇಕಿತ್ತು."

"ಕೊಳೇನಾ?"

ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬರು ನಗಲು ಹೋಗಿ, ನೋವಾಗಿ, ಕೆನ್ನೆ ಹಿಡಿದುಕೊಂಡರು. ನಾನು ನಾಚಿಕೆ ಬಿಟ್ಟು, ನರ್ಸಜ್ಜಿ ಹೇಳಿಕೊಟ್ಟಂತೆ ಅಲ್ಲಿನ ಮೀನುಗಳ ಮೈಮೇಲೆ ರೋಗದ ಬಿಳಿ ಚುಕ್ಕೆ ಇಲ್ಲವೆಂದು ನೋಡಿಕೊಂಡೆ. ಅವರ ಹಳೇ ಸ್ಪಂಜಿನ ಒಂದು ತುಂಡು, ಅದರಲ್ಲಿನ ಸೂಕ್ಷ್ಮಜೀವಿಗಳು ಸಾಯದಂತೆ ಅದು ಮುಳುಗುವಷ್ಟು ಅಲ್ಲಿಯದೇ ನೀರು ಡಬ್ಬಿಗೆ ಬಿದ್ದವು. ಸಂಜೆಗೆ ಮೀನುಗಳು ಹೊಸ ಮನೆ ಸೇರಿದವು.

ನಾಲ್ಕನೇ ದಿನ ಮೂರನೇ ಬೆಡ್, ಅಂದರೆ ಎಲ್ಲಕ್ಕಿಂತ ಹಳೆಯ ಮೀನು, ರೆಕ್ಕೆ ಮುದುಡಿಕೊಂಡು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ನಾನು "ಅಜ್ಜೀ!" ಎಂದು ಕೂಗಿದೆ. ನರ್ಸಜ್ಜಿ ಮಾತ್ರ ತೋಳೇರಿಸಿದರು. "ಗಾಬರಿ ರೋಗಿಗೆ ಬಿಡು, ನಮಗೆ ಕೆಲಸ ಇದೆ. ದಿನಾ ಕಾಲುಭಾಗ ನೀರು ಬದಲಾಯಿಸೋಣ. ಊಟ ಅರ್ಧ." ಹಿಂದಿನ ದಿನವೇ ಹಿಡಿದು, ಕ್ಲೋರಿನ್ ಹೋಗಲೆಂದು ಡ್ರಮ್ಮಿನಲ್ಲಿ ತೆರೆದಿಟ್ಟ ನೀರು; ಹೊರುವವಳು ನಾನು, ಗದರುವವರು ಅವರು. "ನಿಧಾನ! ಅದೇನು ಅಂಗಳಕ್ಕೆ ನೀರು ಚೆಲ್ತಿದೀಯಾ?"

ಹತ್ತನೇ ದಿನ ಆ ಮುದುಕ ಮೀನು ತಳಕ್ಕಿಳಿದು ಕಲ್ಲು ಕೆದಕಿತು. ಹದಿಮೂರನೇ ದಿನದ ಹೊತ್ತಿಗೆ ನೀರಿಗೆ ಅದ್ದಿ ಬಣ್ಣ ನೋಡುವ ಪರೀಕ್ಷೆಯ ಪಟ್ಟಿಯೂ ನೀರು ಸರಿಯಿದೆ ಎಂದಿತು. ಆಮೇಲೆ ಐದು ದಿನ ಬೇಕೆಂದೇ ನೀರು ಬದಲಿಸದೆ ನೋಡಿದರು; ಕೆಡಲಿಲ್ಲ. ಪುಸ್ತಕದಲ್ಲಿ ಹೀಗೆ ಬರೆದಿತ್ತು: "ಮೂರನೇ ಬೆಡ್: ಊಟ ಪೂರ್ತಿ. ಒಂದನೇ ಬೆಡ್ ಜೊತೆ ಜಗಳ ಶುರು. ಗುಣವಾಗಿದೆ."

ಇವತ್ತು ನರ್ಸಜ್ಜಿ ಒಂದೊಂದೇ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ದಾರ ಸಮೇತ ಆ ಪುಸ್ತಕ.

"ನಾಳೆ ಸೇರ್ಕೋತೀನಿ. ಒಂಬತ್ತು ದಿನ. ಒಂದು ಉಪಕಾರ ಮಾಡ್ತೀಯೇನೇ?"

"ಹೇಳಿ ಅಜ್ಜಿ, ಏನು ಮಾಡ್ಲಿ?"

"ದಿನಾ ಒಂದು ಚಿಟಿಕೆ ಊಟ ಹಾಕು. ಹತ್ತು ನಿಮಿಷ ಕೂತು ನೋಡು, ಕಂಡದ್ದನ್ನ ಬರಿ. ಹೇಗೂ ನಿನಗೆ ಡೈರಿ ಬರೆಯೋ ಅಭ್ಯಾಸ ಇದೆ. ಆದ್ರೆ ಎಷ್ಟೇ ಕೊಳೆ ಕಂಡ್ರೂ, ಕೈ ಎಷ್ಟೇ ತುರಿಸಿದ್ರೂ, ನಾನು ಬರೋವರೆಗೆ ಏನನ್ನೂ ತೊಳೀಬೇಡ. ಅಷ್ಟು ಮಾಡ್ತೀಯಾ?"