ಸಾವಿನ ಪಕ್ಕದಲ್ಲಿ ಕೂರುವ ಫೀರಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚೆರ್ನಿವ್ತ್ಸಿ ಊರಿನ ಯೆಹೂದಿ ಆರೈಕೆ ಮನೆಯ ಹೊಸ್ತಿಲಲ್ಲೇ ಫೀರಾ ಗುರೆವಿಚ್ ಬೂಟು ಬಿಚ್ಚಿ ಮೆತ್ತನೆಯ ಚಪ್ಪಲಿ ಮೆಟ್ಟುತ್ತಾರೆ. ಇಲ್ಲಿಗೆ ಬರುವವರು ವಾಸಿಯಾಗಿ ಮನೆಗೆ ಮರಳುವವರಲ್ಲ. ಅವರಲ್ಲಿ ಕೆಲವರಿಗೆ ಈ ಇಳಿವಯಸ್ಸಿನಲ್ಲೂ ಬೂಟಿನ ಸದ್ದು ಕೇಳಿದರೆ ಮೈ ನಡುಗುತ್ತದೆ.

ಮೊದಲ ಕೋಣೆಯಲ್ಲಿ ಜೀಸ್ಲ್ ರೋಜ್ನರ್ ಎಂಬ ಅಜ್ಜಿ ಮಲಗಿದ್ದಾರೆ. ಒಂದು ಕಾಲಕ್ಕೆ ನಾಟಕದವರಿಗೆ ಟೋಪಿ ಹೊಲಿಯುತ್ತಿದ್ದ ಕೈ, ಈಗ ಲೋಟ ಹಿಡಿಯಲಾರದು. ಎಲುಬಿಗೆ ಇಳಿದ ಕ್ಯಾನ್ಸರ್. ದಿಂಬಿನ ಅಡಿಯಲ್ಲಿ ಒಣಗಿದ ಬ್ರೆಡ್ಡಿನ ಚೂರಿದೆ. ಫೀರಾ ಹಾಸಿಗೆ ಬಟ್ಟೆ ಬದಲಿಸಿ, ಚೂರನ್ನು ಮತ್ತೆ ಅದೇ ಜಾಗದಲ್ಲಿಡುತ್ತಾರೆ.

"ಏನೇ, ಕೈ ಇಷ್ಟು ತಣ್ಣಗಿದೆ? ಹೆಣ ತೊಳೆದು ಸೀದಾ ಇಲ್ಲಿಗೇ ಬಂದ್ಯಾ?"

"ಇಲ್ಲ ಅಜ್ಜಿ, ನಿಮ್ಮ ಸರದಿಗೆ ಕಾಯ್ತಿದೀನಿ."

"ಕಾಯಿ, ಕಾಯಿ. ನಂಗೇನೂ ಅವಸರ ಇಲ್ಲ."

ಐವತ್ತೆಂಟರ ಫೀರಾ ಮೊದಲು ಕಾಲುಚೀಲದ ಕಾರ್ಖಾನೆಯಲ್ಲಿದ್ದವರು. ತಾಯಿ ಮಾನ್ಯಾ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ, ಗೋಡೆ ಪಕ್ಕದ ಮಂಚದ ಮೇಲೆ, ಅರಚುತ್ತ ಅರಚುತ್ತ ಜೀವ ಬಿಟ್ಟರು. "ನರ್ಸನ್ನ ಕರೆದೆ. ಸಾಯೋರು ಕೂಗ್ತಾರಮ್ಮ, ಏನ್ಮಾಡೋಣ ಅಂದ್ಲು. ಅವಳನ್ನ ಬೈದು ಏನು ಬಂತು? ಅವಳಿಗೂ ಯಾರೂ ಹೇಳಿಕೊಟ್ಟಿರ್ಲಿಲ್ಲ," ಎನ್ನುತ್ತಾರೆ ಫೀರಾ.

ಮುಂದೆ ಯೆಹೂದಿ ಸಮುದಾಯದವರು ಸಾಯುವವರ ಆರೈಕೆಗೆ ತರಬೇತಿ ಶುರುಮಾಡಿದಾಗ ಫೀರಾ ಕಾರ್ಖಾನೆ ಬಿಟ್ಟು ಸೇರಿದರು. ಬಾಯಿಬಿಟ್ಟು ಹೇಳಲಾಗದವರ ನೋವನ್ನು ಹುಬ್ಬಿನ ಗಂಟಿನಲ್ಲಿ ಓದುವುದು, ಒಣಗಿದ ತುಟಿಯನ್ನು ಒದ್ದೆ ಹತ್ತಿಯಿಂದ ಒರೆಸುವುದು, ನಾಲಿಗೆಯಡಿ ಮಾರ್ಫಿನ್ ಹನಿ ಬಿಡುವುದು ಕಲಿತರು. ಕಲಿಸಿದ ವೈದ್ಯೆ ಇನ್ನೂ ಕೆಲವು ಮಾತು ಹೇಳಿದ್ದರು. ಬಾಲ್ಯದಲ್ಲಿ ಯಾತನಾ ಶಿಬಿರ ಕಂಡವರ ಮುಖಕ್ಕೆ ಫಕ್ಕನೆ ದೀಪ ಹಾಕಬೇಡಿ. ಅಡಗಿಸಿಟ್ಟ ಬ್ರೆಡ್ಡು ಎಸೆಯಬೇಡಿ. ಕೊನೆಯುಸಿರು ಎಳೆಯುತ್ತಿರುವವರನ್ನು ಸುಮ್ಮಸುಮ್ಮನೆ ಅಲುಗಾಡಿಸಬೇಡಿ, ಒಬ್ಬರನ್ನೇ ಬಿಟ್ಟು ಏಳಲೂ ಬೇಡಿ. ಅದು ನಮ್ಮ ಧರ್ಮದ ಕಟ್ಟಳೆ.

ಜೊತೆಗೆ ಕಲಿತವರು ಈಚೆಗೆ ಯುದ್ಧ ಶುರುವಾದ ಮೇಲೆ ಜರ್ಮನಿಗೆ, ಇಸ್ರೇಲಿಗೆ ಹೋದರು. ಉಳಿದವರು ಫೀರಾ ಮತ್ತು ನೇಲ್ಯಾ, ಇಬ್ಬರೇ.

ಹಿಮ ಬೀಳುವ ಹೊತ್ತಿಗೆ ಜೀಸ್ಲ್ ಅವರ ನೆನಪು ಹಿಂದಕ್ಕೆ ಜಾರತೊಡಗುತ್ತದೆ. ಒಂದು ಬೆಳಿಗ್ಗೆ ಫೀರಾ ಟವೆಲು ಹಿಡಿದು ಒಳಬಂದರೆ, ಅಜ್ಜಿ ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುತ್ತಾರೆ. ಹಿಂದಿನ ಮಹಾಯುದ್ಧದಲ್ಲಿ, ಆರು ವರ್ಷದವರಿದ್ದಾಗ, ಅವರನ್ನೂ ಪುಟ್ಟ ತಂಗಿಯನ್ನೂ ಸೈನಿಕರು ನೀಸ್ಟರ್ ನದಿಯಾಚೆಯ ಶಿಬಿರಕ್ಕೆ ಅಟ್ಟಿದ್ದರು. ತಂಗಿ ಮರಳಲಿಲ್ಲ. ಈಗ ಅಜ್ಜಿಯ ಬಾಯಲ್ಲಿ ಬರುತ್ತಿರುವುದು ಆ ಸೈನಿಕರ ರುಮೇನಿಯನ್ ಭಾಷೆ.

"ಸ್ವಾಮಿ, ತಂಗೀಗೆ ಹೊಡೀಬೇಡಿ. ಬ್ರೆಡ್ಡು ಕದ್ದಿದ್ದು ನಾನು."

ಫೀರಾ ಸಮವಸ್ತ್ರದಂತೆ ಕಾಣುವ ಏಪ್ರನ್ ಕಳಚಿ ಶಾಲು ಹೊದೆಯುತ್ತಾರೆ. ಎತ್ತರ ಕಾಣದಂತೆ ನೆಲದ ಮೇಲೆ ಕೂರುತ್ತಾರೆ. ತಮ್ಮ ಅಜ್ಜಿ ಹಾಡುತ್ತಿದ್ದ ಮನೆಮಾತು ಯಿಡ್ಡಿಷ್‌ನ ಲಾಲಿ ಗುನುಗುತ್ತಾರೆ. ಯಾವುದೂ ನಾಟುವುದಿಲ್ಲ. ನೇಲ್ಯಾ ಬಂದರೆ ಅಜ್ಜಿಯ ಕಣ್ಣಿಗೆ ಅವಳೂ ಸೈನಿಕನೇ. ವೈದ್ಯರು ನೋವಿನ ಔಷಧ ಹೆಚ್ಚಿಸುತ್ತಾರೆ, ಹುಬ್ಬಿನ ಗಂಟು ಸಡಿಲಾಗುತ್ತದೆ. ಮಂಪರಿನ ಮದ್ದು ಕೊಟ್ಟರೂ, ಎಚ್ಚರವಾದಾಗಲೆಲ್ಲ ಅದೇ ಭಯ.

ಕೊನೆಯ ದಿನ, ಫೀರಾ ಕೋಣೆಯಲ್ಲಿದ್ದರೆ ಅಜ್ಜಿ ಹೆದರುತ್ತಾರೆ. ಎದ್ದು ಹೋದರೆ ಒಂಟಿಯಾಗಿ ಸಾಯುತ್ತಾರೆ. ಫೀರಾ ಕುರ್ಚಿಯನ್ನು ಮಂಚದ ತಲೆಯ ಹಿಂದಕ್ಕೆ, ಕಣ್ಣಿಗೆ ಬೀಳದ ಕಡೆಗೆ ಎಳೆದು ಕೂರುತ್ತಾರೆ. ಅದು ಇನ್ನೂ ಕೆಟ್ಟದಾಗುತ್ತದೆ. ಕಾಣದ ಸೈನಿಕ ಏನು ಮಾಡುತ್ತಾನೋ ಎಂದು ಅಜ್ಜಿ ಕತ್ತು ತಿರುಗಿಸಲು ಒದ್ದಾಡುತ್ತಾರೆ. ಮತ್ತೆ ಎದುರಿಗೇ ಬಂದು, ಬರಿಗೈ ಕಾಣುವಂತೆ ಮಡಿಲಲ್ಲಿಟ್ಟು ಫೀರಾ ಕೂರುತ್ತಾರೆ.

ಅಂಗಲಾಚುತ್ತಿದ್ದ ಅಜ್ಜಿ ಕೊನೆಗೆ ಬೈಯತೊಡಗುತ್ತಾರೆ. "ಕೊಲೆಗಾರ! ನಿನ್ನ ಮಕ್ಕಳಿಗೆ ಒಂದು ತುತ್ತು ಸಿಗದೆ ಹೋಗ್ಲಿ! ನಿನ್ನ ಮನೆ ಹಾಳಾಗ!" ಆ ಬೈಗುಳ ಗೊಣಗಾಟವಾಗಿ, ಗೊಣಗಾಟ ಬರೀ ಉಸಿರಾಗಿ, ಮಧ್ಯಾಹ್ನಕ್ಕೆ ಮುಂಚೆ ಉಸಿರೂ ನಿಲ್ಲುತ್ತದೆ. ಮುಖದಲ್ಲಿ ಶಾಂತಿಯೇನೂ ಇಲ್ಲ. ಫೀರಾ ಕಣ್ಣು ಮುಚ್ಚಿಸಿ, ಸಾವಿನ ಮನೆಯ ವಾಡಿಕೆಯಂತೆ ಕಿಟಕಿ ತೆರೆದು, ಕನ್ನಡಿಗೆ ಬಟ್ಟೆ ಹಾಕುತ್ತಾರೆ.

"ನನ್ನಮ್ಮ ನೋವಲ್ಲಿ ಹೋದ್ರು, ಇವ್ರು ಭಯದಲ್ಲಿ ಹೋದ್ರು. ಇಷ್ಟು ವರ್ಷ ಕಲಿತು ಏನು ಬಂತು?" ಅಡುಗೆಮನೆಯಲ್ಲಿ ಫೀರಾ ಎದುರಿನ ಚಹಾ ಆರಿಹೋಗುತ್ತದೆ.

ನೇಲ್ಯಾಗೆ ತಡೆಯಲಾಗುವುದಿಲ್ಲ. "ಬಾಗಿಲಾಚೆ ನಿಂತ್ಕೋಬಹುದಿತ್ತಲ್ಲ ಅಕ್ಕಾ? ಅಷ್ಟೊಂದು ಶಾಪ ಯಾಕೆ ಹಾಕಿಸ್ಕೊಂಡ್ರಿ?"

ಪಕ್ಕದ ಕೋಣೆಯಿಂದ ಯಾರೋ ನೀರು ಕೇಳುತ್ತಾರೆ. ಫೀರಾ ಮೊಣಕಾಲು ಹಿಡಿದುಕೊಂಡು ಏಳುತ್ತಾರೆ.

"ಅಜ್ಜಿ ಆರು ವರ್ಷದವರಿದ್ದಾಗ ಬೈಯಕ್ಕಾಗದೆ ನುಂಗಿದ್ದು ಕಣೇ ಅದೆಲ್ಲ. ಇವತ್ತು ಬೈದ್ರು. ನಾನು ಎದ್ದು ಹೋಗ್ಲಿಲ್ಲ. ನಂಗೆ ಮಾಡಕ್ಕೆ ಬಂದಿದ್ದು ಅಷ್ಟೇ."