ಮುಂದಿನ ಮನಿ

ಹಳೆ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಶುರು ಮಾಡಿದಾಗ ಮೊದಲು ಬಂದದ್ದು ವಾಸನೆ. ಕಾದ ಧೂಳಿನ ವಾಸನೆ. ಮಹಾರಾಷ್ಟ್ರದ ಗಡಿಯಲ್ಲಿರುವ ಉಮರ್ಗಾದ ನಮ್ಮ ಟೈಪಿಂಗ್ ಕ್ಲಾಸು, ಅಲ್ಲಿನ ದಪ್ಪ ಮಾನಿಟರುಗಳು, ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ ಸರ್... ನಾನು ತಿರುಗಿ ನೋಡಿಯೇಬಿಟ್ಟೆ. ಯಾರೂ ಇರಲಿಲ್ಲ.

ಸರ್ ಟೈಪಿಂಗ್ ಕಲಿಸುತ್ತ ಕಲಿಸುತ್ತ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡವರು. ನಮಗೆಲ್ಲ ಒಂದೊಂದು ವೆಬ್‌ಸೈಟ್ ಮಾಡಿಕೊಳ್ಳಲು ಹಚ್ಚಿದರು. ನನ್ನದರಲ್ಲಿ ನಮ್ಮ ಕಡೆಯ ಮಾತುಗಳು, ನಿಲಂಗಾದ ಗೆಳತಿಯದರಲ್ಲಿ ಹಳೆ ಬಾವಿಗಳು, ಉದಗೀರಿನ ಒಬ್ಬರದರಲ್ಲಿ ಕೋಟೆಯ ಫೋಟೋಗಳು. ಸರ್ ಸೈಟಿನಲ್ಲಿ ಮಾಕಣಿ ಕೆರೆಗೆ ಬರುವ ಹಕ್ಕಿಗಳು. ಇವನ್ನೆಲ್ಲ ಅವರು ವೆಬ್‌ರಿಂಗ್ ಮಾಡಿ ಕಟ್ಟಿದರು. ಪ್ರತಿ ಪುಟದ ಕೆಳಗೆ ‘ಮುಂದಿನ ಮನಿ’ ಅಂತ ಒಂದು ಗುಂಡಿ. ಒತ್ತುತ್ತ ಹೋದರೆ ಎಲ್ಲರ ಮನೆ ಹೊಕ್ಕು ಹೊರಟಲ್ಲಿಗೇ ವಾಪಸ್. ಉದಗೀರಿನವರು ಮರಾಠಿಯವರು, ಅವರ ಭಾಷೆಯಲ್ಲಿ ‘ಮನೀ’ ಎಂದರೆ ಮನಸ್ಸಿನೊಳಗೆ. ಅದನ್ನು ಹಾಗೇ ಓದಿಕೊಂಡಿದ್ದರು. ನಾವು ಬಿದ್ದು ಬಿದ್ದು ನಕ್ಕೆವು. ಸರ್ ಮಾತ್ರ, “ತಪ್ಪೇನದರೀ ಅದ್ರಾಗ?” ಅಂದರು.

ಆಗ ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲ. ಸರ್ ವಾರಗಳ ಹೆಸರನ್ನು ಕೈಯಲ್ಲೇ ಬರೆದು ಚಿತ್ರ ಮಾಡಿಟ್ಟಿದ್ದರು. ಅವರ ಪುಟ ತೆರೆದ ದಿನ ಯಾವ ವಾರವೋ ಆ ವಾರದ ಚಿತ್ರ ತಾನಾಗಿ ಮೂಡುತ್ತಿತ್ತು. ಅದರ ಮುಂದೆ, ಅದೇ ಕೈಬರಹದಲ್ಲಿ: ‘ನಾ ಇಲ್ಲೇ ಅದೀನಿ. ಬರ್ರಿ, ಕೂಡ್ರಿ.’

ಆಮೇಲೆ ಎಲ್ಲರೂ ಫೋನಿನೊಳಗೆ ಹೊಕ್ಕೆವು, ಸೈಟುಗಳು ಒಂದೊಂದಾಗಿ ಮುಚ್ಚಿದವು. ಸರ್ ತೀರಿಕೊಂಡರು...

ಈಗ ಮಂದಿಗೆ ಮತ್ತೆ ಸ್ವಂತ ವೆಬ್‌ಸೈಟು ಬೇಕಾಗಿದೆ, ರಿಂಗೂ ಬೇಕಾಗಿದೆ. ನಮ್ಮದನ್ನೂ ಜೋಡಿಸೋಣ ಅಂದವಳು ನಿಲಂಗಾದ ಗೆಳತಿಯೇ. ಸರ್ ಸೈಟಿನ ಪ್ರತಿ ನನ್ನ ಹಳೆ ಕಂಪ್ಯೂಟರಿನಲ್ಲಿತ್ತು. ಇದ್ದ ಹಾಗೇ ಏರಿಸಿದೆ. ಅವತ್ತು ಮಧ್ಯಾಹ್ನ ಅವಳ ಫೋನು.

“ಅಕ್ಕಾ, ಸರ್ ಪೇಜ್ ಈಗ ಯಾರ್ ಬರೀಲಿಕತ್ತಾರ?”

“ಯಾರೂ ಇಲ್ಲವ್ವಾ.”

“ಇವತ್ತ ಮಂಗಳವಾರ ಅಂತ ಬರದದ. ಸರ್ ಅಕ್ಷರಾನೇ. ನಂಗ ಅಂಜಿಕಿ ಬರ್ಲಿಕತ್ತದ.”

ನಾನು ನಕ್ಕು ಅದರ ಯುಕ್ತಿ ತಿಳಿಸಿ ಹೇಳಿದೆ. ಮರುದಿನ ನಾನೇ ತೆರೆದೆ. ಬುಧವಾರ. ನಾ ಇಲ್ಲೇ ಅದೀನಿ. ಅದರ ಮರುದಿನ ಗುರುವಾರ. ಎಲ್ಲ ಗೊತ್ತಿದ್ದೂ ಮೈ ಜುಮ್ಮೆಂದಿತು. ಯಾರ ಸೈಟಿನಿಂದ ಹೊರಟರೂ ಕೊನೆಗೆ ಅಲ್ಲಿಗೇ ಬರುತ್ತಿದ್ದೆ. ಒಂದು ದಿನ ಗುಂಡಿ ಒತ್ತುವ ಮೊದಲು ಸೆರಗು ಸರಿ ಮಾಡಿಕೊಂಡೆ. ಅವತ್ತು ನನಗೆ ನಿಜಕ್ಕೂ ಭಯವಾಯಿತು. ಆದರೂ ತೆಗೆಯಲು ಮನಸ್ಸಿರಲಿಲ್ಲ. ಸರ್ ಇದ್ದಾರೆ ಅನ್ನಿಸುತ್ತಿತ್ತಲ್ಲ, ಅದು ನನಗೆ ಬೇಕಾಗಿತ್ತು.

ಆದರೆ ಮನೆಯವರ ಒಪ್ಪಿಗೆ ಇಲ್ಲದೆ ತೀರಿಕೊಂಡ ಯಾರನ್ನೂ ರಿಂಗಿನಲ್ಲಿ ಇಡಬಾರದು ಅಂತ ನಾವೇ ಮಾತಾಡಿಕೊಂಡಿದ್ದೆವು. ಸರ್ ಊರು ಯೆಣೆಗೂರಿಗೆ ಹೋದೆ. ಸರ್ ಹೆಂಡತಿಯನ್ನು ನಾವು ಕಾಕು ಅನ್ನುತ್ತೇವೆ. ಕಾಕು ಚಹಾ ಕೊಟ್ಟು ನನ್ನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಅಕ್ಷರದ ಮೇಲೆ ಬೆರಳಾಡಿಸಿದರು. ಅದು ತಾನಾಗಿ ಬದಲಾಗುತ್ತದೆ ಅಂತ ಹೇಳಿದೆ.

“ನಾಳಿ ನೋಡಿದ್ರ?”

“ನಾಳಿನ ವಾರ ತೋರಸ್ತದರೀ.”

“ನಾ ಸತ್ತ ಮ್ಯಾಲ?”

“ಆಗ್ಲೂ... ತೋರಸ್ತದ.”

ಕಾಕು ಹಿತ್ತಿಲ ಬಾಗಿಲ ಕಡೆ ನೋಡಿದರು. ಅವರ ಜನರಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಸರ್ ಇರುವುದು ಮನೆಯ ಹಿಂದಿನ ಹೊಲದಲ್ಲಿ.

“ಅವ್ರನ್ನ ಅಲ್ಲಿ ಕೂಡಿಸಿ ಬಂದೀವಿ ಯವ್ವಾ. ಅವ್ರ ಬಾಜೂಕ ನನ್ನ ಜಾಗಾನೂ ನೋಡಿ ಇಟ್ಟೀನಿ. ನಾ ಅಲ್ಲಿಗಿ ಹೋದಾಗ ಅವ್ರು ಇಲ್ಲೇ ಕುಂತಿದ್ರ, ನಾ ಯಾರ ಸಂಗಟ ಮಾತಾಡ್ಲಿ? ತಗೀ ಅದನ್ನ.”

ಅಲ್ಲೇ ಕೂತು ತೆಗೆದೆ. ಕಾಕು ಪಕ್ಕದಲ್ಲೇ ನಿಂತು, ಪುಟ ಖಾಲಿ ಆಗುವವರೆಗೂ ನೋಡಿದರು. ಆಮೇಲೆ ತಲೆ ಮೇಲೆ ಸೆರಗು ಹೊದ್ದು ಹೊಲದ ಕಡೆ ನಡೆದರು.

ಈಗ ನಮ್ಮ ರಿಂಗು ಚೆನ್ನಾಗಿ ನಡೆದಿದೆ. ಔರಾದ ಶಹಾಜನಿಯಿಂದ ಒಬ್ಬರು ಹೊಸದಾಗಿ ಸೇರಿದ್ದಾರೆ. ನಡುವೆ ಇದ್ದ ಸರ್ ಪುಟ ಈಗಿಲ್ಲ, ನಿಲಂಗಾದ ಬಾವಿಗಳಿಂದ ಹೊರಟರೆ ನೇರ ನನ್ನ ಪುಟ. ಸರ್ ಹೋದ ದಿನ ನಾನು ಅತ್ತಿರಲಿಲ್ಲ, ಊರಲ್ಲೇ ಇರಲಿಲ್ಲ. ಅವರ ಪುಟ ತೆಗೆದ ದಿನ ಯೆಣೆಗೂರಿನಿಂದ ಬರುವಾಗ ಬಸ್ಸಿನಲ್ಲಿ ಅತ್ತೆ.